ಪಟ್ಟ ಕೈ ಬದಲಾಗುವಾಗ

ಪರದೆಯ ಕೆಳಮೂಲೆಯಲ್ಲಿ ತಾರೀಕು 1066ರ ಸೆಪ್ಟೆಂಬರ್ 15 ಎಂದಿದೆ. ಕಾಲ ಇನ್ನೂ ಹೊರಟಿಲ್ಲ. ಐಸ್‌ಲ್ಯಾಂಡಿನಿಂದ ಬಂಗಾಳದ ಆಚೆಯವರೆಗಿನ ಭೂಪಟ ಬಣ್ಣಬಣ್ಣವಾಗಿ ಹರಡಿಕೊಂಡು ಕಾಯುತ್ತಿದೆ. ಇಂಗ್ಲೆಂಡಿನ ದೊರೆ ಹೆರಾಲ್ಡ್‌ಗೆ ಇನ್ನೊಂದು ತಿಂಗಳಲ್ಲಿ ಹೇಸ್ಟಿಂಗ್ಸ್ ಬಯಲಿನಲ್ಲಿ ಸಾವಿದೆ. ಆಟ ಕಟ್ಟಿದವರು ಈ ಕಾಲವನ್ನು ಆರಿಸಿಕೊಂಡದ್ದೂ ಆ ಕದನದ ಸಲುವಾಗಿಯೇ. ಆದರೆ ಕನ್ನಡ ಓದಿ ಬೆಳೆದವರ ಕೈ ಅಲ್ಲಿ ನಿಲ್ಲುವುದಿಲ್ಲ. ಮೌಸ್ ಹಿಡಿದು ಭೂಪಟವನ್ನು ಎಳೆಯುತ್ತ, ಅರಬ್ಬಿ ಸಮುದ್ರ ದಾಟಿ, ಘಟ್ಟ ಹತ್ತಿ, ಕೃಷ್ಣೆ ಭೀಮೆಯರನ್ನು ಹಿಂದೆ ಹಾಕಿ ಕಲ್ಯಾಣಕ್ಕೆ ಬಂದು ನಿಲ್ಲುತ್ತೇವೆ. ಅಲ್ಲಿ ಸಿಂಹಾಸನದ ಮೇಲೆ ಚಾಲುಕ್ಯ ಒಂದನೆಯ ಸೋಮೇಶ್ವರ ಕೂತಿದ್ದಾನೆ, ನಮ್ಮ ಶಾಸನಗಳು ಆಹವಮಲ್ಲ, ತ್ರೈಲೋಕ್ಯಮಲ್ಲ ಎಂದು ಕೊಂಡಾಡುವ ದೊರೆ.

ಈ ಆಟದ ಹೆಸರು ಕ್ರುಸೇಡರ್ ಕಿಂಗ್ಸ್ 3. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ ಇದನ್ನು 2020ರಲ್ಲಿ ಹೊರತಂದಿತು. ಇದಕ್ಕೂ ಹಿಂದಿನ ಎರಡನೆಯ ಆಟ 2012ರಲ್ಲಿ ಬಂದಾಗ ಅದರಲ್ಲಿ ನಮ್ಮ ನಾಡು ಇರಲಿಲ್ಲ. 2014ರಲ್ಲಿ ‘ರಾಜಾಸ್ ಆಫ್ ಇಂಡಿಯಾ’ ಎಂಬ ಸೇರ್ಪಡೆಯೊಂದಿಗೆ ಚಾಲುಕ್ಯರೂ ಚೋಳರೂ ಭೂಪಟಕ್ಕೆ ಬಂದರು. ಸ್ಟಾಕ್‌ಹೋಮಿನಲ್ಲಿ ಕೂತ ಯಾರೋ ಒಬ್ಬರು ನಮ್ಮ ಸೋಮೇಶ್ವರನ ವಂಶಾವಳಿಯನ್ನು ಹುಡುಕಿ ತೆಗೆದು ಸಾಲಾಗಿ ಬರೆದಿಟ್ಟಿದ್ದಾರಲ್ಲ ಎಂದು ನೆನೆದಾಗಲೆಲ್ಲ ನನಗೆ ಅವರ ಮೇಲೆ ಕೃತಜ್ಞತೆ ಹುಟ್ಟುತ್ತದೆ.

ಇಂಥ ಆಟಗಳನ್ನು ಹೆಚ್ಚಿನವರು ರಾತ್ರಿ ಆಡುತ್ತಾರೆ. ನನಗೆ ಬೆಳಗಿನ ಹೊತ್ತೇ ಒಗ್ಗಿದೆ. ಮನಸ್ಸು ಹಗುರಾಗಿರುತ್ತದೆ, ಗೆಲ್ಲಲೇಬೇಕೆಂಬ ಹಟ ಇನ್ನೂ ಎದ್ದಿರುವುದಿಲ್ಲ. ಕೀಲಿಮಣೆಯ ಉದ್ದನೆಯ ಕೀಲಿಯನ್ನು ಒಮ್ಮೆ ಒತ್ತಿದರೆ ದಿನಗಳು ಓಡತೊಡಗುತ್ತವೆ, ಮತ್ತೊಮ್ಮೆ ಒತ್ತಿದರೆ ದಂಡು ನಡುದಾರಿಯಲ್ಲಿ, ಪತ್ರ ದೂತನ ಕೈಯಲ್ಲಿ, ಎಲ್ಲವೂ ಇದ್ದಲ್ಲಿಯೇ ನಿಲ್ಲುತ್ತವೆ. ನಿಲ್ಲಿಸಿಕೊಂಡು ಯೋಚಿಸುವುದೇ ಈ ಆಟದ ಮುಕ್ಕಾಲು ಪಾಲು. ಚಕ್ರವರ್ತಿಗಳಿಗೆ ಇಲ್ಲದ ಸೌಕರ್ಯ ಇದು. ಸೋಮೇಶ್ವರನಿಗೆ ಇದ್ದದ್ದು ಇನ್ನು ಒಂದೂವರೆ ವರ್ಷ ಮಾತ್ರ, ಅದೂ ಒಂದು ಗಳಿಗೆ ನಿಲ್ಲದೆ ಹರಿದುಹೋದ ಕಾಲ.

ಸಾಮ್ರಾಜ್ಯ ಕಟ್ಟುವ ಆಟಗಳಲ್ಲಿ ಹೆಚ್ಚಿನವು ಸಾವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. 1991ರಲ್ಲಿ ಸಿಡ್ ಮೈಯರ್ ಕೊಟ್ಟ ಸಿವಿಲೈಸೇಶನ್ ಆಟದಲ್ಲಿ ಕ್ರಿ.ಪೂ. 4000ದಲ್ಲಿ ಮೊದಲ ಊರು ಹೂಡಿದ ನಾಯಕನೇ ಬಾಹ್ಯಾಕಾಶಕ್ಕೆ ನೌಕೆ ಕಳಿಸುವವರೆಗೂ ಆಳುತ್ತಾನೆ. ಆರು ಸಾವಿರ ವರ್ಷ ಒಂದೇ ಮುಖ, ಒಂದೇ ಸಂಕಲ್ಪ. 1999ರ ಏಜ್ ಆಫ್ ಎಂಪೈರ್ಸ್ 2 ಇನ್ನೂ ಚುರುಕು. ಒಂದು ತಾಸಿನೊಳಗೆ ನಾಲ್ಕು ಯುಗ ದಾಟಿ ಗುಡಿಸಲಿನಿಂದ ಕೋಟೆಯವರೆಗೆ ಬಂದಿರುತ್ತೇವೆ, ಕಟ್ಟಿಗೆ ಕಡಿಯುವ ಆಳು ಮೊದಲಿಂದ ಕಡೆಯವರೆಗೆ ಅದೇ ಹರೆಯದಲ್ಲಿರುತ್ತಾನೆ. ಅವೂ ಒಳ್ಳೆಯ ಆಟಗಳೇ. ಅವುಗಳಿಂದ ಭೂಗೋಳ ಕಲಿತವರು, ಇತಿಹಾಸದ ರುಚಿ ಹತ್ತಿಸಿಕೊಂಡವರು ನನಗೆ ಗೊತ್ತು. ಆದರೆ ಅಲ್ಲಿ ರಾಜ್ಯ ನಿಮ್ಮ ಕೈ ಬಿಟ್ಟುಹೋಗುವುದು ವೈರಿ ಕಸಿದುಕೊಂಡರೆ ಮಾತ್ರ.

ಕ್ರುಸೇಡರ್ ಕಿಂಗ್ಸ್‌ನಲ್ಲಿ ದೊರೆಗೆ ವಯಸ್ಸಾಗುತ್ತದೆ. ಕೂದಲು ನರೆಯುತ್ತದೆ, ಕೆನ್ನೆ ಬತ್ತುತ್ತದೆ, ರೋಗ ಹತ್ತಿದರೆ ಮುಖದ ಮೇಲೆ ಕಾಣುತ್ತದೆ. ಒಂದು ದಿನ ಪರದೆಯ ನಡುವೆ ಪುಟವೊಂದು ತೆರೆದುಕೊಂಡು ಇಂಥವನು ಇಂಥ ವಯಸ್ಸಿನಲ್ಲಿ ತೀರಿಕೊಂಡ ಎನ್ನುತ್ತದೆ. ಅದನ್ನು ಮುಚ್ಚಿದ ಮರುಕ್ಷಣ ನೀವು ಅವನ ವಾರಸುದಾರ. ನಿನ್ನೆಯವರೆಗೆ ಮೂಲೆಯಲ್ಲಿದ್ದ ಮಗನ ಮುಖ ಈಗ ನಿಮ್ಮ ಮುಖ. ಅವನ ಸ್ವಭಾವ, ಅವನ ಸಿಟ್ಟು, ಅವನ ಮೇಲೆ ಸಾಮಂತರಿಗಿರುವ ಅಸಮಾಧಾನ, ಎಲ್ಲವೂ ನಿಮ್ಮ ಪಾಲಿಗೆ. ಅಪ್ಪನಿಗೆ ತಲೆಬಾಗಿದ್ದ ಸಾಮಂತ ಮಗನಿಗೂ ಬಾಗಬೇಕೆಂದೇನಿಲ್ಲ. ಮೂವತ್ತು ವರ್ಷ ದುಡಿದು ಗಳಿಸಿದ ವಿಶ್ವಾಸವನ್ನು ಮತ್ತೆ ಮೊದಲಿನಿಂದ ಗಳಿಸಬೇಕು. ವಂಶದಲ್ಲಿ ವಾರಸುದಾರ ಯಾರೂ ಉಳಿಯದಿದ್ದರೆ ಆಟ ಅಲ್ಲಿಗೆ ಮುಗಿಯಿತು.

ಇಷ್ಟಾದರೂ ಆಗಬಹುದಿತ್ತು. ಆಟದ ಆರಂಭಕಾಲದ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ದೊರೆ ಸತ್ತಾಗ ರಾಜ್ಯ ಇಡಿಯಾಗಿ ಹಿರಿಯ ಮಗನಿಗೆ ಬರುವುದಿಲ್ಲ, ಗಂಡುಮಕ್ಕಳಲ್ಲಿ ಪಾಲಾಗುತ್ತದೆ. ತಲೆಪಟ್ಟ ಹಿರಿಯನಿಗೆ, ಉಳಿದ ಸೀಮೆಗಳು ತಮ್ಮಂದಿರಿಗೆ. ಕೆಲವೊಮ್ಮೆ ತಮ್ಮನೊಬ್ಬ ಸ್ವತಂತ್ರ ಅರಸನೇ ಆಗಿ ಎದ್ದು ನಿಲ್ಲುತ್ತಾನೆ. ನರ್ಮದೆಯಿಂದ ಕಾವೇರಿಯವರೆಗೆ ಒಂದೇ ಬಣ್ಣ ಬಳಿದಿದ್ದ ಭೂಪಟ ಒಂದು ಸಾವಿನೊಂದಿಗೆ ಮೂರು ಬಣ್ಣಗಳಾಗಿ ಬಿರಿಯುತ್ತದೆ. ಹೊಸದಾಗಿ ಆಡುವವರಿಗೆ ಇದು ಅನ್ಯಾಯ ಎನಿಸುತ್ತದೆ. ಯಾವ ವೈರಿಯೂ ಬರಲಿಲ್ಲ, ಯಾವ ಕೋಟೆಯೂ ಬೀಳಲಿಲ್ಲ, ಆದರೂ ರಾಜ್ಯ ಒಡೆಯಿತು! ಆಮೇಲೆ ತಿಳಿಯುತ್ತದೆ, ಗೆಲ್ಲುವುದಲ್ಲ, ಕೈದಾಟಿಸುವುದೇ ಇಲ್ಲಿನ ಕಷ್ಟ. ಈ ಆಟದ ಕುರಿತು ನನಗಿರುವ ಗೌರವಕ್ಕೆ ಮೂಲ ಇದೇ.

ನನ್ನ ಮಗಳೂ ಇದನ್ನು ಆಡುತ್ತಾಳೆ. ಕಾಲೇಜಿಗೆ ಹೋಗುವ ಹುಡುಗಿ, ನನಗಿಂತ ಚೆನ್ನಾಗಿ ಆಡುತ್ತಾಳೆ. ಒಂದು ಭಾನುವಾರ ಅವಳು ಕಲ್ಯಾಣದ ದೊರೆಯಾಗಿದ್ದಳು. ದೊರೆಗೆ ಅರವತ್ತು ದಾಟಿತ್ತು, ಮೂವರು ಗಂಡುಮಕ್ಕಳು, ಒಬ್ಬಳು ಮಗಳು. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ನಾನು ನೋಡುತ್ತಿದ್ದೆ. ಅವಳು ಕಾಲವನ್ನು ನಿಲ್ಲಿಸಿ ಬಹಳ ಹೊತ್ತು ಸುಮ್ಮನೆ ಕೂತಳು.

“ಅಪ್ಪಾ, ನಡುವಿನವ ಇಲ್ಲ ಅಂದ್ರ ರಾಜ್ಯ ಎರಡ ಪಾಲು ಆಗ್ತದ. ಇದ್ದ ಅಂದ್ರ ಮೂರು. ಏನ್ ಮಾಡ್ಲಿ?”

ಇಲ್ಲ ಅಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಗುಟ್ಟಾಗಿ ಕೊಲ್ಲಿಸುವ ಸಂಚಿಗೆ ಒಂದು ಗುಂಡಿ ಇದೆ. ಅವಳ ದೊರೆ ಕರುಣಾಳು, ಅವನ ಮುಖದ ಪಕ್ಕದ ಗುರುತು ಹಾಗೆ ಹೇಳುತ್ತಿತ್ತು. ಬಾಣದ ಮೊನೆಯನ್ನು ಆ ಗುಂಡಿಯ ಹತ್ತಿರ ತಂದಾಗ ಆಟ ಮೊದಲೇ ಎಚ್ಚರಿಸಿತು, ಈ ಸ್ವಭಾವದವನು ಈ ಕೆಲಸಕ್ಕೆ ಕೈ ಹಾಕಿದರೆ ಮನಸ್ಸಿನ ಮೇಲಿನ ಒತ್ತಡ ಏರುತ್ತದೆ ಎಂದು. ಇದು ಈ ಆಟದ ಅತ್ಯಂತ ಸೂಕ್ಷ್ಮವಾದ ಏರ್ಪಾಟು. ಕೊಲೆ ತಪ್ಪು ಎಂದು ಅದು ಪಾಠ ಹೇಳುವುದಿಲ್ಲ. ಕ್ರೂರಿಯಾದ ದೊರೆಗೆ ಇದೇ ಕೆಲಸ ಹಗುರ. ಆದರೆ ತನ್ನ ಸ್ವಭಾವಕ್ಕೆ ವಿರುದ್ಧ ನಡೆದವನ ಒಳಗೆ ಏನೋ ಕೂಡುತ್ತ ಹೋಗುತ್ತದೆ, ಒಂದು ಮಟ್ಟ ದಾಟಿದರೆ ಅವನು ಕುಡಿತಕ್ಕೆ ಬೀಳುತ್ತಾನೆ, ಇಲ್ಲವೇ ಯಾರ ಮೇಲೋ ಕೂಗಾಡಿ ಇದ್ದ ಸ್ನೇಹವನ್ನೂ ಕಳೆದುಕೊಳ್ಳುತ್ತಾನೆ. ಖಜಾನೆ ತುಂಬಿರುತ್ತದೆ, ದಂಡು ಸಜ್ಜಾಗಿರುತ್ತದೆ, ದೊರೆ ಮಾತ್ರ ಒಡೆದುಹೋಗಿರುತ್ತಾನೆ. ಪ್ರಾಮಾಣಿಕನಿಗೆ ಸುಳ್ಳು, ಜಿಪುಣನಿಗೆ ದಾನ, ಎಲ್ಲಕ್ಕೂ ಅದೇ ಲೆಕ್ಕ. ನಾವು ದಿನಾ ಬೆಳಗ್ಗೆ ಎದ್ದು ಕಚೇರಿಗೆ, ಅಂಗಡಿಗೆ, ಶಾಲೆಗೆ ಹೊರಟಾಗ ನಮ್ಮೊಳಗೂ ಇಂಥದೊಂದು ಲೆಕ್ಕ ನಡೆದೇ ಇರುತ್ತದೆ. ಅದನ್ನು ಅಂಕಿಯಾಗಿ ತೋರಿಸುವ ಪರದೆ ಮಾತ್ರ ಇಲ್ಲ.

ಮಗಳು ಕೈ ಹಿಂದಕ್ಕೆ ತೆಗೆದುಕೊಂಡಳು. ಸಂಚು ಬೇಡ ಅಂದಳು. ಆಮೇಲೆ ಮಕ್ಕಳ ಸಾಲನ್ನು ನೋಡುತ್ತ, “ಈಕಿ ಒಬ್ಬಾಕಿ ಮಗಳಿದ್ದಾಳಲ್ಲ, ಮೂರೂ ಮಂದಿಕಿಂತ ಶಾಣ್ಯಾಕಿ. ಆಕಿಗೆ ಯಾಕ ಏನೂ ಇಲ್ಲ?” ಎಂದು ಕೇಳಿದಳು. ಗಂಡುಮಕ್ಕಳು ಇರುವಾಗ ಹೆಣ್ಣುಮಗಳಿಗೆ ಪಾಲಿಲ್ಲ ಎಂಬುದು ಆ ಕಾಲಕ್ಕೆ ಆಟ ಇಟ್ಟ ನಿಯಮ. ಹಾಗೆಂದು ಹೇಳಿ ಸುಮ್ಮನಾಗಬಹುದಿತ್ತು, ಆದರೆ ಅವಳು ಕೇಳಿದ್ದು ಕಲ್ಯಾಣದ ಅರಮನೆಯಲ್ಲಿ ಕೂತು. ಆ ಪ್ರಶ್ನೆಗೆ ಆ ಊರಿನಲ್ಲಿ ಬಹಳ ದೊಡ್ಡ ಹಿನ್ನೆಲೆ ಇದೆ.

ಮೊದಲು ಅಕ್ಕಾದೇವಿಯ ಮಾತು. ಸೋಮೇಶ್ವರನ ಅಪ್ಪ ಜಯಸಿಂಹನ ಅಕ್ಕ ಇವಳು, ಅಂದರೆ ಸೋಮೇಶ್ವರನಿಗೆ ಸೋದರತ್ತೆ. ಕಿಸುಕಾಡು ಎಂಬ ನಾಡನ್ನು ಆಳಿದಳು, ದಂಡು ಕಟ್ಟಿಕೊಂಡು ಹೋಗಿ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದಳು. ಶಾಸನಗಳು ಅವಳನ್ನು ಗುಣದಬೆಡಂಗಿ ಎಂದು ಕರೆದು, ರಣದಲ್ಲಿ ಭೈರವಿಗೆ ಹೋಲಿಸಿವೆ. ಅಂದರೆ ಸೋಮೇಶ್ವರ ಪಟ್ಟಕ್ಕೆ ಬಂದಾಗ ಅವನ ಮನೆತನದಲ್ಲೇ ನಾಡಾಳುವ ಹೆಣ್ಣುಮಗಳೊಬ್ಬಳಿದ್ದಳು. ಆಟದ ನಿಯಮಕ್ಕಿಂತ ಆ ಕಾಲ ಸ್ವಲ್ಪ ಅಗಲವಾಗಿಯೇ ಇತ್ತು.

ಇನ್ನು ಸೋಮೇಶ್ವರನ ಕೊನೆ. ಗುಣವಾಗದ ಕಾಯಿಲೆ ಅವನನ್ನು ಹಿಡಿಯಿತು. 1068ರ ಮಾರ್ಚಿನಲ್ಲಿ ಅವನು ತುಂಗಭದ್ರೆಯ ದಡದ ಕುರುವತ್ತಿಗೆ ಬಂದು, ನದಿಗಿಳಿದು ದೇಹ ಬಿಟ್ಟ. ಕುರುವತ್ತಿ ಇಂದಿನ ವಿಜಯನಗರ ಜಿಲ್ಲೆಯಲ್ಲಿದೆ. ಅಲ್ಲಿನ ಮಲ್ಲಿಕಾರ್ಜುನ ದೇವಸ್ಥಾನದ ಮದನಿಕೆಯರನ್ನು ನೋಡಲು ಹೋದವರು ಹೊಳೆಯ ದಂಡೆಯಲ್ಲಿ ಒಂದಿಷ್ಟು ಹೊತ್ತು ನಿಂತು ಬರಬೇಕು. ಕೊಪ್ಪಂ ಕದನದಲ್ಲಿ ಚೋಳ ರಾಜಾಧಿರಾಜ ಆನೆಯ ಮೇಲೆಯೇ ಮಡಿದದ್ದು ಇದೇ ಸೋಮೇಶ್ವರನ ದಂಡಿನ ಎದುರು. ಮಳಖೇಡದಿಂದ ಕಲ್ಯಾಣಕ್ಕೆ ರಾಜಧಾನಿಯನ್ನು ತಂದವನೂ ಇವನೇ. ಇಪ್ಪತ್ತಾರು ವರ್ಷ ಆಳಿದವನು. ಆಟದಲ್ಲಿ ಅವನ ಆಯುಸ್ಸು ಹೀಗೇ ಎಂದು ಬರೆದಿಲ್ಲ, ಒಮ್ಮೊಮ್ಮೆ ಎಪ್ಪತ್ತರವರೆಗೂ ಬದುಕುತ್ತಾನೆ. ಅವನು ಹಾಗೆ ಬದುಕಿದಾಗ ನನಗೆ ಸಂತೋಷವಾಗುತ್ತದೆ.

ಅವನ ನಂತರ ಹಿರಿಯ ಮಗ ಎರಡನೆಯ ಸೋಮೇಶ್ವರ ಪಟ್ಟವೇರಿದ. ಎರಡನೆಯ ಮಗ ಆರನೆಯ ವಿಕ್ರಮಾದಿತ್ಯ, ಅಪ್ಪನ ಕಾಲದಲ್ಲೇ ಗಂಗವಾಡಿಯ ಉಸ್ತುವಾರಿ ನೋಡಿದವನು, ದಂಡಿನ ಜೊತೆ ಬೆಳೆದವನು. ಅಣ್ಣತಮ್ಮಂದಿರಿಗೆ ಹೊಂದಿಕೆಯಾಗಲಿಲ್ಲ. ವಿಕ್ರಮಾದಿತ್ಯ ತನ್ನ ಮನೆತನದ ಹಳೆಯ ವೈರಿಗಳಾದ ಚೋಳರ ಮಗಳನ್ನೇ ಮದುವೆಯಾಗಿ ಬಲ ಕೂಡಿಸಿಕೊಂಡ, 1076ರಲ್ಲಿ ಅಣ್ಣನನ್ನು ಸೆರೆಹಿಡಿದು ತಾನು ಸಿಂಹಾಸನ ಹತ್ತಿದ. ಕೆಲವೇ ವರ್ಷಗಳಲ್ಲಿ ಬನವಾಸಿಯಲ್ಲಿದ್ದ ತಮ್ಮ ಜಯಸಿಂಹ ಇವನ ವಿರುದ್ಧವೇ ಎದ್ದ, ಅವನನ್ನೂ ಸೋಲಿಸಬೇಕಾಯಿತು. ಆಟದಲ್ಲಿ ದಿನವೂ ನಡೆಯುವ ಕಥೆ, ಒಂದೆಳೆಯೂ ವ್ಯತ್ಯಾಸವಿಲ್ಲ. ಕಾಶ್ಮೀರದಿಂದ ಬಂದು ವಿಕ್ರಮಾದಿತ್ಯನ ಆಸ್ಥಾನ ಸೇರಿದ ಬಿಲ್ಹಣ ಬರೆದ ವಿಕ್ರಮಾಂಕದೇವಚರಿತದಲ್ಲಿ, ಅಪ್ಪ ಯುವರಾಜ ಪಟ್ಟವನ್ನು ತನಗೇ ಕೊಡಲು ಬಂದಾಗ ವಿಕ್ರಮಾದಿತ್ಯ ಅದು ಅಣ್ಣನದೆಂದು ಒಲ್ಲೆನೆಂದ ಎಂದಿದೆ. ಅನ್ನ ಕೊಟ್ಟ ದೊರೆಯ ಬಗ್ಗೆ ಕವಿ ಬರೆದದ್ದು ಅದು. ಆದರೂ ಆ ಮಾತನ್ನು ಬರೆಸಬೇಕೆಂದು ಆ ಮನೆಗೆ ಅನಿಸಿತಲ್ಲ, ಅದರಲ್ಲೇ ಒಂದು ನೋವು ಇದೆ ಎಂದು ನನ್ನ ಎಣಿಕೆ. ಅಣ್ಣನನ್ನು ಸೆರೆಯಲ್ಲಿಟ್ಟು ಕೂತವನಿಗೆ, ಇದೆಲ್ಲ ನನಗೆ ಬೇಕಿರಲಿಲ್ಲ ಎಂದು ಯಾರ ಬಾಯಿಂದಲಾದರೂ ಕೇಳಬೇಕಾಗಿರುತ್ತದೆ.

ಆರನೆಯ ವಿಕ್ರಮಾದಿತ್ಯ 1126ರವರೆಗೆ ಐವತ್ತು ವರ್ಷ ಆಳಿದ. ತನ್ನ ಹೆಸರಿನಲ್ಲೇ ಶಕೆ ನಡೆಸಿದ. ಅವನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಇಟಗಿಯ ದೇವಾಲಯ ಇವತ್ತಿಗೂ ನಿಂತಿದೆ, ಅದರ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎನ್ನುತ್ತದೆ. ಆ ಐವತ್ತು ವರ್ಷಗಳ ನಡುವೆ, ಅದೇ ಕಲ್ಯಾಣದಲ್ಲಿ, ವಿಜ್ಞಾನೇಶ್ವರ ಎಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಗ್ರಂಥದ ಕೊನೆಗೆ ಕಲ್ಯಾಣದಂಥ ಊರನ್ನೂ ವಿಕ್ರಮನಂಥ ಅರಸನನ್ನೂ ಮನಸಾರೆ ಹೊಗಳಿದ್ದಾನೆ. ಅದರ ದಾಯವಿಭಾಗದ ಪ್ರಕರಣ ಇರುವುದು ಅಪ್ಪನ ಆಸ್ತಿ ಮಕ್ಕಳಿಗೆ ಹೇಗೆ, ಯಾವಾಗ, ಎಷ್ಟು ಸೇರುತ್ತದೆ ಎಂಬ ಬಗ್ಗೆ. ಅಣ್ಣತಮ್ಮಂದಿರ ಜಗಳದಲ್ಲಿ ಗೆದ್ದ ದೊರೆಯ ನೆರಳಿನಲ್ಲಿ, ಅಣ್ಣತಮ್ಮಂದಿರು ಹಂಚಿಕೊಳ್ಳುವ ಬಗೆಯನ್ನು ಒಬ್ಬ ಮನುಷ್ಯ ತಾಳ್ಮೆಯಿಂದ ಬರೆಯುತ್ತ ಕೂತಿದ್ದ. ರಾಜ್ಯಕ್ಕೆ ಅನ್ವಯಿಸುವ ನಿಯಮ ಅದಲ್ಲ, ಮನೆತನದ ಹೊಲಮನೆಗೆ ಸಂಬಂಧಿಸಿದ್ದು. ಆದರೂ ಅವನು ಬರೆಯುತ್ತಿದ್ದಾಗ ಅರಮನೆಯ ಕಥೆ ಅವನ ಕಿವಿಗೆ ಬಿದ್ದಿರಲೇಬೇಕು.

ವಿಜ್ಞಾನೇಶ್ವರ ಹೇಳಿದ್ದರ ತಿರುಳು ಇದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹಕ್ಕು ಬರುವುದು ಅಪ್ಪ ಸತ್ತಾಗ ಅಲ್ಲ, ತಾನು ಹುಟ್ಟಿದಾಗ. ತೊಟ್ಟಿಲಲ್ಲಿರುವ ಕೂಸು ಆಗಲೇ ಪಾಲುದಾರ. ಬಂಗಾಳದಲ್ಲಿ ಜೀಮೂತವಾಹನ ಬರೆದ ದಾಯಭಾಗ ಇದಕ್ಕೆ ಎದುರು. ಅಲ್ಲಿ ಅಪ್ಪ ಇರುವವರೆಗೆ ಎಲ್ಲವೂ ಅಪ್ಪನದೇ, ಅವನು ಹೋದ ಮೇಲೆ ಮಕ್ಕಳದು. 1810ರಲ್ಲಿ ಕೋಲ್‌ಬ್ರೂಕ್ ಈ ಎರಡನ್ನೂ ಒಟ್ಟಿಗೆ ಇಂಗ್ಲಿಷಿಗೆ ತಂದ, ಬ್ರಿಟಿಷರ ನ್ಯಾಯಾಲಯಗಳು ಅವನ್ನು ಹಿಡಿದುಕೊಂಡವು. ಬಂಗಾಳದ ಕಡೆ ಬಿಟ್ಟು ದೇಶದ ಬಹುಭಾಗಕ್ಕೆ ಕಲ್ಯಾಣದ ಮಾತೇ ನಡೆಯಿತು.

ಮಗಳ ಆಟ ನೋಡುತ್ತಿದ್ದಾಗ ನನಗೆ ಹೊಳೆದದ್ದು ಇಷ್ಟೆ. ಆಟದ ನಿಯಮ ಪೂರಾ ಜೀಮೂತವಾಹನನದು. ದೊರೆ ಸಾಯುವ ಗಳಿಗೆಯವರೆಗೆ ರಾಜ್ಯ ಅವನೊಬ್ಬನದು, ಸತ್ತ ಗಳಿಗೆಯಲ್ಲಿ ಚೂರಾಗುತ್ತದೆ. ಅದಕ್ಕೇ ಆಡುವವರು ಕೊನೆಯ ಹತ್ತು ವರ್ಷಗಳನ್ನು ಭಯದಲ್ಲಿ ಕಳೆಯುತ್ತಾರೆ. ಮಕ್ಕಳು ಕಣ್ಣಿಗೆ ಮಕ್ಕಳಾಗಿ ಕಾಣುವುದಿಲ್ಲ, ರಾಜ್ಯದ ಬಿರುಕುಗಳಾಗಿ ಕಾಣುತ್ತಾರೆ. ಕಲ್ಯಾಣದ ಪಂಡಿತನ ಕಣ್ಣಿನಿಂದ ನೋಡಿದರೆ ಅಪ್ಪನಿಗೆ ಆ ಭಯಕ್ಕೆ ಕಾರಣವೇ ಇಲ್ಲ. ಯಾಕೆಂದರೆ ಅದು ಯಾವತ್ತೂ ಅವನೊಬ್ಬನದಾಗಿರಲಿಲ್ಲ. ಮಗು ಹುಟ್ಟಿದ ದಿನದಿಂದ ಅವನು ಇನ್ನೊಬ್ಬರ ಪಾಲನ್ನೂ ಕಾಯುತ್ತಿರುವ ಯಜಮಾನ. ಉಳುವಾಗ, ಮಾರುವಾಗ, ಸಾಲ ಎತ್ತುವಾಗ ಆ ಕೂಸಿನ ಹಕ್ಕು ಎದುರಿಗೇ ಕೂತಿರುತ್ತದೆ. ಸತ್ತಾಗ ಹೊಸದಾಗಿ ಒಡೆಯಲು ಏನೂ ಇರುವುದಿಲ್ಲ, ಮೊದಲಿಂದ ಇದ್ದ ಪಾಲುಗಳಿಗೆ ಗೆರೆ ಎಳೆದಂತೆ ಅಷ್ಟೆ.

ನಮ್ಮ ಊರು ಗದಗದ ಕಡೆ. ನಮ್ಮಜ್ಜ ತೀರಿದ ಮೇಲೆ ಎರೆ ಹೊಲ ವಾಟ್ನಿಯಾಗಿ ಮೂವರು ಮಕ್ಕಳಿಗೆ ಹೋಯಿತು, ನಡುವೆ ಬದುಗಳು ಎದ್ದವು. ಬಾವಿಯನ್ನು ಮಾತ್ರ ಯಾರೂ ಪಾಲು ಮಾಡಲಿಲ್ಲ. ನೀರಿಗೆ ಪಾಳಿ ಹಚ್ಚಿಕೊಂಡರು, ಆ ಪಾಳಿ ಇವತ್ತಿಗೂ ನಡೆದಿದೆ. ಬಾವಿಯಲ್ಲಿ ಯಾರ ಪಾಲು ಎಷ್ಟು ಎಂದು ಕೇಳಿದರೆ ದೊಡ್ಡಪ್ಪ ದಿನ ಎಣಿಸಿ ಹೇಳುತ್ತಿದ್ದರು, ಅಡಿ ಎಣಿಸಿ ಅಲ್ಲ. ಆಟದ ಭೂಪಟದಲ್ಲಿ ಇಂಥ ಒಂದು ಬಾವಿಗೆ ಜಾಗವಿಲ್ಲ. ಅಲ್ಲಿ ಒಂದು ಸೀಮೆ ಒಬ್ಬನದು, ಇಲ್ಲವೇ ಇನ್ನೊಬ್ಬನದು.

ವಿಜ್ಞಾನೇಶ್ವರ ಜನ್ಮದಿಂದ ಹಕ್ಕು ಎಂದದ್ದು ಗಂಡುಮಕ್ಕಳಿಗೆ. ಮಗಳ ಪ್ರಶ್ನೆ ಅಲ್ಲಿ ಹಾಗೇ ಉಳಿದುಕೊಂಡಿತು, ಸುಮಾರು ಒಂಬತ್ತು ನೂರು ವರ್ಷ. ಕರ್ನಾಟಕ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಪಾಲುದಾರರನ್ನಾಗಿ ಮಾಡಿತು. ಅಷ್ಟರೊಳಗೆ ಮದುವೆಯಾಗಿದ್ದವರು ಮಾತ್ರ ಹೊರಗುಳಿದರು. 2005ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು, ಮದುವೆಯ ಆ ಗೆರೆಯೂ ಹೋಯಿತು. ಅಪ್ಪ 2005ಕ್ಕೆ ಬದುಕಿರಬೇಕಿತ್ತೇ ಎಂಬ ತಕರಾರು ಬಹಳ ವರ್ಷ ನಡೆದು, 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬೇಕಿಲ್ಲ ಎಂದು ತೀರ್ಪು ಕೊಟ್ಟಿತು. ಹಕ್ಕು ಹುಟ್ಟಿನಿಂದ ಬಂದದ್ದು, ಅಪ್ಪನ ಸಾವಿಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ಅದರ ಆಧಾರ. ಕಲ್ಯಾಣದಲ್ಲಿ ಬರೆದ ಅದೇ ಎಳೆ, ಈಗ ಮಗಳ ಕೈಗೂ ಬಂತು. ಈ ಆಟ ಬಿಡುಗಡೆಯಾದದ್ದು ಆ ತೀರ್ಪಿನ ಮರುತಿಂಗಳು. ಎರಡಕ್ಕೂ ನಂಟೇನಿಲ್ಲ, ಆದರೆ ಮಗಳಿಗೆ ಇದನ್ನೆಲ್ಲ ಹೇಳಿದಾಗ ಅವಳು ಮಕ್ಕಳ ಸಾಲಿನಲ್ಲಿದ್ದ ಆ ಶಾಣ್ಯಾ ಹುಡುಗಿಯ ಮುಖವನ್ನೇ ನೋಡುತ್ತ ಕೇಳಿದಳು.

ವಿಕ್ರಮಾದಿತ್ಯನ ನಂತರ ಮಗ ಮೂರನೆಯ ಸೋಮೇಶ್ವರ ಬಂದ. ಅವನ ಪಟ್ಟಕ್ಕೆ ರಕ್ತ ಹರಿಯಲಿಲ್ಲ. ಅವನ ಹೆಸರಿನಲ್ಲಿ ಮಾನಸೋಲ್ಲಾಸ ಎಂಬ ದೊಡ್ಡ ಗ್ರಂಥವಿದೆ, ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ. ರಾಜ್ಯ ಪಡೆಯುವುದು ಹೇಗೆ ಎಂಬುದು ಮೊದಲ ಭಾಗ. ಪಡೆದದ್ದನ್ನು ಸ್ಥಿರಗೊಳಿಸುವುದು ಎರಡನೆಯದು. ಆಮೇಲೆ ಉಪಭೋಗ, ವಿನೋದ, ಕೊನೆಯದು ಕ್ರೀಡೆ. ಕ್ರೀಡೆಯ ಭಾಗದಲ್ಲಿ ಚದುರಂಗವೂ ಪಗಡೆಯೂ ಬರುತ್ತವೆ. ರಾಜ್ಯ ಪಡೆಯುವ ಭಾಗವನ್ನು ತೆರೆದರೆ ದಂಡು, ಆನೆ, ಮುತ್ತಿಗೆಗಳ ಮಾತು ಸಿಗುತ್ತದೆಂದು ಯಾರಾದರೂ ಎಣಿಸುತ್ತಾರೆ. ಅಲ್ಲಿರುವುದು ಬೇರೆ. ಸುಳ್ಳಾಡಬೇಡ, ಇನ್ನೊಬ್ಬರಿಗೆ ಕೇಡು ಬಗೆಯಬೇಡ, ದಾನ ಮಾಡು, ಬಂದವರನ್ನು ಆದರಿಸು, ಕೆರೆಬಾವಿ ತೋಡಿಸು, ದಿಕ್ಕಿಲ್ಲದವರನ್ನು ನೋಡಿಕೊ, ಇಂಥವೇ. ದಂಡು, ಖಜಾನೆ, ಕೋಟೆ, ಮಂತ್ರಿಗಳ ವಿಚಾರ ಬರುವುದು ಎರಡನೆಯ ಭಾಗದಲ್ಲಿ, ಉಳಿಸಿಕೊಳ್ಳುವ ಮಾತು ಬಂದಾಗ. ಅಪ್ಪನಿಂದ ರಾಜ್ಯ ತಾನಾಗಿ ಬಂದವನಿಗೂ ಅದನ್ನು ಪಡೆಯುವ ಕೆಲಸ ಇನ್ನೂ ಬಾಕಿ ಇರುತ್ತದೆ, ಅದನ್ನು ಪಡೆಯುವುದು ನಡತೆಯಿಂದ ಎಂದು ಆ ದೊರೆ ನಂಬಿದ್ದನೆಂದು ಇದರಿಂದ ನಾನು ತಿಳಿದುಕೊಂಡಿದ್ದೇನೆ. ಆಟದಲ್ಲಿ ಹೊಸ ದೊರೆಯಾಗಿ ಕಣ್ಣು ಬಿಟ್ಟಾಗಲೆಲ್ಲ ನನಗೆ ಈ ಗ್ರಂಥದ ಕ್ರಮ ನೆನಪಾಗುತ್ತದೆ. ಸಾಮಂತರೆಲ್ಲ ಮುಖ ಸಿಂಡರಿಸಿಕೊಂಡು ನಿಂತಿರುತ್ತಾರೆ. ಪಟ್ಟ ತಲೆಯ ಮೇಲಿದೆ, ರಾಜ್ಯ ಇನ್ನೂ ಬಂದಿಲ್ಲ.

ಅಂಥ ಗ್ರಂಥ ಬರೆದವನ ಮಕ್ಕಳ ಕಾಲದಲ್ಲೇ ರಾಜ್ಯ ಸಡಿಲಾಯಿತು. 1157ರ ಸುಮಾರಿಗೆ ಮಂಗಳವೇಢೆಯ ಮಹಾಮಂಡಲೇಶ್ವರ, ಕಳಚುರಿ ಬಿಜ್ಜಳ, ಮೂರನೆಯ ತೈಲಪನನ್ನು ಬದಿಗೆ ಸರಿಸಿ ಕಲ್ಯಾಣ ಹಿಡಿದ. ಹೊರಗಿನ ವೈರಿಯಲ್ಲ, ಒಳಗಿದ್ದುಕೊಂಡೇ ಬಲಿತ ಸಾಮಂತ. ಈ ಆಟವನ್ನು ಬಹಳ ಕಾಲ ಆಡಿದವರನ್ನು ಯಾರ ಭಯ ಹೆಚ್ಚು ಎಂದು ಕೇಳಿ ನೋಡಿ, ಇದೇ ಉತ್ತರ ಹೇಳುತ್ತಾರೆ. ಆ ಬಿಜ್ಜಳನ ಕಲ್ಯಾಣದಲ್ಲೇ ಬಸವಣ್ಣ ಭಂಡಾರದ ಲೆಕ್ಕ ನೋಡಿದ್ದು, ಅಂಬಿಗ, ಮಡಿವಾಳ, ಮಾದಾರ, ಸೂಳೆ, ರಾಣಿ ಎಲ್ಲರೂ ಒಂದೆಡೆ ಕೂತು ಮಾತಾಡಿದ್ದು. ಒಂದು ಸಿಂಹಾಸನ ಕೈ ಬದಲಾಗುತ್ತಿದ್ದ ಊರಿನಲ್ಲಿ, ಅದರ ಮೇಲೆ ಹಕ್ಕು ಹೂಡದ ಜನ ಆಡಿಕೊಂಡ ಮಾತು ನಮ್ಮ ಮನೆಗಳವರೆಗೂ ಬಂದಿದೆ. ಯಾವ ಅಪ್ಪನೂ ಯಾವ ಮಗನಿಗೂ ಅದನ್ನು ವಾಟ್ನಿ ಮಾಡಿ ಕೊಟ್ಟಿಲ್ಲ. ಆಟದಲ್ಲಿ ಚಿನ್ನ, ಕೀರ್ತಿ, ಧರ್ಮನಿಷ್ಠೆ ಮೂರಕ್ಕೂ ಅಂಕಿ ಇದೆ, ವಂಶದ ಹೆಸರಿಗೂ ಬೇರೆ ಅಂಕಿ ಇದೆ. ಈ ಬಗೆಯ ಸೊತ್ತನ್ನು ಎಲ್ಲಿ ಬರೆಯುವುದು ಎಂದು ಅದಕ್ಕೆ ತಿಳಿದಿಲ್ಲ. ನಾನು ಅದನ್ನು ದೂರುವುದಿಲ್ಲ, ಒಂದು ಆಟ ಎಲ್ಲವನ್ನೂ ಹಿಡಿಯಬೇಕೆಂದಿಲ್ಲ.

ಮಗಳು ಆ ದಿನ ಬೇರೊಂದು ದಾರಿ ಹಿಡಿದಳು. ದೊರೆ ಬದುಕಿರುವಾಗಲೇ ಮಕ್ಕಳಿಗೆ ಸೀಮೆಗಳನ್ನು ಹಂಚಬಹುದು. ನಡುವಿನವನಿಗೆ ತುಂಗಭದ್ರೆಯ ಈಚೆಯ ನಾಡು, ಕಿರಿಯನಿಗೆ ಬನವಾಸಿ. ಹಿರಿಯನನ್ನು ಮಂತ್ರಿಮಂಡಲದಲ್ಲಿ ಕೂರಿಸಿದಳು. ಆ ಹುಡುಗಿಗೂ ಒಂದು ಸಣ್ಣ ನಾಡು ಕೊಟ್ಟಳು, ಕೊಡಲು ಆಟ ಒಪ್ಪಿತು. ತನ್ನ ನೇರ ಆಳ್ವಿಕೆಯ ಭೂಮಿ ಕಡಿಮೆಯಾಯಿತು, ಬೊಕ್ಕಸಕ್ಕೆ ಬರುವುದೂ ತಗ್ಗಿತು. ಚೆನ್ನಾಗಿ ಆಡಬಲ್ಲವರು ಇದನ್ನು ಒಳ್ಳೆಯ ಆಟ ಅನ್ನಲಿಕ್ಕಿಲ್ಲ. ಒಂಬತ್ತು ವರ್ಷ ಕಳೆದು ದೊರೆ ತೀರಿಕೊಂಡಾಗ ರಾಜ್ಯ ಒಡೆಯಿತು, ಒಡೆಯಲೇಬೇಕಿತ್ತು. ಆದರೆ ಮಕ್ಕಳಿಗೆ ಆಗಲೇ ಆಳಿ ಗೊತ್ತಿತ್ತು. ನಡುವಿನವನು ಅಣ್ಣನ ಮೇಲೆ ದಂಡೆತ್ತಿ ಬರಲಿಲ್ಲ. ಕಿರಿಯನು ಬಂದ. ಅಕ್ಕ ತನ್ನ ಸಣ್ಣ ದಂಡನ್ನು ಹಿರಿಯನ ಸಹಾಯಕ್ಕೆ ಕಳಿಸಿದಳು.

ನಮ್ಮ ಹೊಲದ ಉತಾರದಲ್ಲಿ ಈಗಿರುವುದು ನನ್ನ ಹೆಸರು. ಈ ಸಲ ಊರಿಗೆ ಹೋದಾಗ ಮಗಳನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ. ಬಾಂದುಕಲ್ಲು ಎಲ್ಲೆಲ್ಲಿವೆ, ಬಂಡಿದಾರಿ ಯಾರ ಹೊಲದ ಮೇಲೆ ಹಾಯುತ್ತದೆ, ಸೊಸೈಟಿಯ ಸಾಲ ಎಷ್ಟು ಉಳಿದಿದೆ, ಬಾವಿಯ ಪಾಳಿಯಲ್ಲಿ ನಮ್ಮ ದಿನ ಯಾವುದು ಎಂದು ತೋರಿಸಬೇಕು. ಪಾಳಿಯ ದಿನ ಬೆಳಗ್ಗೆ ಐದಕ್ಕೆ ಪಂಪು ಹಚ್ಚಬೇಕಾಗುತ್ತದೆ, ಅದಕ್ಕೆ ಹಿಂದಿನ ದಿನವೇ ಹೊರಡಬೇಕು ಎಂದಿದ್ದೇನೆ. ಅವಳು ಒಪ್ಪಿದ್ದಾಳೆ.